ಕತ್ತರಿ ತಾಕದ ಕುಣಿತ

(ನಮ್ಮೂರಿನ ಚಿತ್ರಸಮಾಜದ ತಿಂಗಳ ಸಭೆಯಲ್ಲಿ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುನಡುವೆ ತೋರಿಸಿದ ತುಣುಕುಗಳನ್ನು ಇಲ್ಲಿ ಬಾಯಿಮಾತಿನಲ್ಲೇ ಕಟ್ಟಿಕೊಡಬೇಕಾಗಿದೆ.)

ಈಗ ತೆರೆಯ ಮೇಲೆ ನೋಡಿದಿರಲ್ಲ, ಅದರಲ್ಲಿ ಕತೆ ಎಂಬುದು ಇಷ್ಟೇ. ಲಂಡನ್ನಿನ ಒಂದು ಪಾರ್ಕು, ಜೋರು ಮಳೆ. ಬ್ಯಾಂಡಿನವರು ಕೂತು ನುಡಿಸುವ ಮಂಟಪವೊಂದರ ಕೆಳಗೆ ಒಬ್ಬಳು ಮಳೆಗೆ ಸಿಕ್ಕಿಕೊಂಡಿದ್ದಾಳೆ. ಕುದುರೆ ಸವಾರಿಗೆ ಬಂದವಳು, ಸವಾರಿಯ ಪ್ಯಾಂಟು ತೊಟ್ಟಿದ್ದಾಳೆ. ಅವಳ ಬೆನ್ನು ಬಿಡದೆ ಒಬ್ಬ ಅಲ್ಲಿಗೂ ಬರುತ್ತಾನೆ. ಅವಳಿಗೆ ಅವನ ಸಹವಾಸ ಬೇಡ. ಅವನು ಹಾಡುತ್ತಾನೆ, ಅವಳು ಬೆನ್ನು ತಿರುಗಿಸಿ ಕೂತೇ ಇರುತ್ತಾಳೆ. ಹಾಡು ಮುಗಿದ ಮೇಲೆ ಅವನು ಸುಮ್ಮನೆ ಸಿಳ್ಳೆ ಹಾಕುತ್ತ ಅಡ್ಡಾಡುತ್ತಾನೆ. ಅವಳು ಎದ್ದು, ಅವನ ಹಿಂದೆಯೇ, ಅವನ ನಡಿಗೆಯನ್ನು ಅಣಕಿಸುತ್ತ ನಡೆಯುತ್ತಾಳೆ. ಅವನೊಂದು ಹೆಜ್ಜೆ ಹಾಕಿ ನಿಲ್ಲುತ್ತಾನೆ. ಅವಳೂ ಅದನ್ನೇ ಹಾಕಿ ನಿಲ್ಲುತ್ತಾಳೆ. 'ಇದು ಬರುತ್ತಾ?' 'ಬರುತ್ತಪ್ಪ, ಮುಂದಿಂದು ಹೇಳು.' ಬಾಯಲ್ಲಿ ಒಂದು ಮಾತಿಲ್ಲ, ಎಲ್ಲ ಕಾಲಲ್ಲೇ. ಬಹಳ ಹೊತ್ತು ಒಬ್ಬರನ್ನೊಬ್ಬರು ಮುಟ್ಟುವುದೂ ಇಲ್ಲ. ಗುಡುಗು ಬಂದ ಮೇಲೆ ಕುಣಿತದ ವೇಗ ಏರುತ್ತದೆ. ಕೊನೆಗೆ ಇಬ್ಬರೂ ಮಂಟಪದ ಅಂಚಿಗೆ ಕೂತು, ಚೆನ್ನಾಗಿ ಜಗಳವಾಡಿ ರಾಜಿಯಾದವರ ಹಾಗೆ, ಕೈ ಕುಲುಕುತ್ತಾರೆ. ಮುತ್ತಿಲ್ಲ, ಅಪ್ಪುಗೆ ಇಲ್ಲ.

1935ರ 'ಟಾಪ್ ಹ್ಯಾಟ್'. ಕುಣಿದವರು ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರೋಜರ್ಸ್. ಹಾಡು ಅರ್ವಿಂಗ್ ಬರ್ಲಿನ್‌ನದು. ಇಡೀ ಚಿತ್ರದ ಕತೆ ಕೇಳಿದರೆ ನೀವು ನಗುತ್ತೀರಿ: ಇವನನ್ನು ಅವಳು ಬೇರೆ ಯಾರೋ ಎಂದು ತಪ್ಪು ತಿಳಿಯುತ್ತಾಳೆ, ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಹತ್ತು ನಿಮಿಷದಲ್ಲಿ ಸಿನಿಮಾ ಮುಗಿಯುತ್ತಿತ್ತು. ಯಾರೂ ಕೇಳುವುದಿಲ್ಲ. ಆದರೂ ಸುಮಾರು ತೊಂಬತ್ತು ವರ್ಷವಾದ ಮೇಲೆ, ಲಂಡನ್ ಕಾಣದ, ಬೂಟುಗಾಲಲ್ಲೇ ತಾಳ ಹಾಕುವ ಟ್ಯಾಪ್ ಕುಣಿತ ಕಲಿಯದ ನಾವು ಕೂತು ನೋಡಿದೆವು. ಮುಂದಿನ ಸಾಲಿನ ಹಿರಿಯರೊಬ್ಬರ ಪಾದ ಕುರ್ಚಿಯ ಕೆಳಗೆ ತಾಳ ಹಾಕುತ್ತಿದ್ದುದನ್ನು ನಾನು ಕಂಡೆ. ಏಕೆ ಹಾಕುತ್ತಿತ್ತು? ನನ್ನ ಮಾತೆಲ್ಲ ಆ ಪಾದದ ಬಗ್ಗೆ ಎಂದುಕೊಳ್ಳಿ.

ಈ ಚಿತ್ರಗಳು ನನಗೆ ಸಿಕ್ಕಿದ್ದು ಥಿಯೇಟರಿನಲ್ಲಲ್ಲ. 1990ರ ದಶಕದಲ್ಲಿ ಮನೆಗೆ ಕೇಬಲ್ ಬಂದವರಿಗೆ ನೆನಪಿರಬಹುದು. ಹಗಲೆಲ್ಲ ಕಾರ್ಟೂನ್ ನೆಟ್‌ವರ್ಕ್ ಬರುತ್ತಿದ್ದ ಚಾನೆಲ್ಲು ರಾತ್ರಿಯಾಗುತ್ತಲೇ ಟಿಎನ್‌ಟಿ ಆಗಿಬಿಡುತ್ತಿತ್ತು. ಬಣ್ಣಬಣ್ಣದ ಬೆಕ್ಕು ಇಲಿ ಹೋಗಿ ಕಪ್ಪುಬಿಳುಪಿನ ಮನುಷ್ಯರು ಬರುತ್ತಿದ್ದರು. ಮಕ್ಕಳು ಎದ್ದು ಮಲಗಲು ಹೋಗುವ ಹೊತ್ತು. ಕಾರಣ ಆಮೇಲೆ ತಿಳಿಯಿತು: ಟೆಡ್ ಟರ್ನರ್ ಎಂಬ ಅಮೆರಿಕದ ಟೀವಿ ಧಣಿ 1986ರಲ್ಲಿ ಎಂಜಿಎಂ ಎಂಬ ಹಾಲಿವುಡ್ ಸ್ಟುಡಿಯೋದ ಹಳೆಯ ಚಿತ್ರಗಳ ಭಂಡಾರವನ್ನೇ ಕೊಂಡಿದ್ದ, ಆರ್‌ಕೆಓ ಎಂಬ ಇನ್ನೊಂದು ಸ್ಟುಡಿಯೋದ ಚಿತ್ರಗಳೂ ಅವನ ಕೈಯಲ್ಲಿದ್ದವು. ಕೊಂಡದ್ದನ್ನು ಎಲ್ಲೋ ಬಿತ್ತರಿಸಬೇಕಲ್ಲ, ಮಲೆನಾಡಿನ ನಮ್ಮ ಜಗಲಿಗೂ ಬಿತ್ತರಿಸಿದ. ಒಂದು ರಾತ್ರಿ ಸಂಜೆ ನೋಡಿದ ಅದೇ ಜೆರ್ರಿ ಇಲಿ ನಾವಿಕನ ವೇಷದ ಮನುಷ್ಯನೊಬ್ಬನ ಜೊತೆ ಕುಣಿಯುತ್ತಿತ್ತು. 1945ರ 'ಆಂಕರ್ಸ್ ಅವೇ', ಆ ಮನುಷ್ಯ ಜೀನ್ ಕೆಲ್ಲಿ. ಮೊದಲು ಮಿಕ್ಕಿ ಮೌಸನ್ನು ಕೇಳಿದ್ದರಂತೆ, ಡಿಸ್ನಿಯವರು ಕೊಡಲಿಲ್ಲ. ಎಂಜಿಎಂನವರ ಮನೆಯಲ್ಲೇ ಒಂದು ಇಲಿ ಇತ್ತಲ್ಲ. ಇನ್ನೊಂದು ರಾತ್ರಿ ಅಸ್ಟೇರ್. ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ, "ಇಂವ ಮನುಷ್ಯನೇನಾ? ನೆಲ ಹಿಡ್ಕಳದೇ ಇಲ್ವಲ್ಲ ಇವನ್ನ" ಅಂದಳು. ಇಂಗ್ಲಿಷ್ ಒಂದಕ್ಷರ ಬಾರದವಳು ಆವತ್ತು ಕೊನೆತನಕ ಕೂತು ನೋಡಿದಳು.

ಅಜ್ಜಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಈಗ ಅನಿಸುತ್ತದೆ. ಅವಳು ನೋಡಿ ಬೆಳೆದದ್ದು ಬಯಲಾಟ. ರಂಗಸ್ಥಳದ ಎದುರು ಚಾಪೆ ಹಾಸಿ ಕೂತವನಿಗೆ ಯಾರೂ ಕ್ಲೋಸಪ್ ತೋರಿಸುವುದಿಲ್ಲ. ಕಿರೀಟದಿಂದ ಕಾಲಿನ ಗೆಜ್ಜೆಯ ತನಕ ಇಡೀ ವೇಷ ಕಣ್ಣೆದುರಿಗಿರುತ್ತದೆ. ಎಳೆಯ ವೀರನ ಪುಂಡುವೇಷ ಧೀಂಗಿಣ, ಅಂದರೆ ಗಿರಗಿರ ತಿರುಗುವ ಜಿಗಿತ, ಹಾಕಲು ಶುರುಮಾಡಿದರೆ ಎಷ್ಟು ಹಾಕಿದ ಎಂದು ನಾವೇ ಎಣಿಸುತ್ತೇವೆ. ದಣಿದನೋ ಇಲ್ಲವೋ, ತಾಳ ತಪ್ಪಿತೋ ಇಲ್ಲವೋ ನಮಗೆ ಗೊತ್ತಾಗುತ್ತದೆ. ಮೋಸಕ್ಕೆ ಜಾಗವಿಲ್ಲ. ಸಿನಿಮಾ ಬಂದ ಮೇಲೆ ಮೋಸಕ್ಕೆ ಬೇಕಾದಷ್ಟು ಜಾಗವಾಯಿತು. ಸೊಂಟ ಒಂದು ಶಾಟು, ಕಣ್ಣು ಒಂದು ಶಾಟು, ಪಾದ ಇನ್ನೊಂದು ಶಾಟು. ಆ ಪಾದ ಆ ನಾಯಕನದ್ದೇ ಎನ್ನಲು ಸಾಕ್ಷಿಯಿಲ್ಲ. ಕುಣಿತವನ್ನು ಕಟ್ಟುವುದು ಕಾಲೋ ಕತ್ತರಿಯೋ ಎಂಬ ಪ್ರಶ್ನೆ ಅಲ್ಲಿಂದ ಶುರು.

ಅಸ್ಟೇರ್ ಆ ಪ್ರಶ್ನೆಗೆ ಖಡಾಖಂಡಿತ ಉತ್ತರ ಕೊಟ್ಟವನು. 1899ರಲ್ಲಿ ಅಮೆರಿಕದ ಒಳನಾಡಿನ ಒಮಾಹಾ ಊರಿನಲ್ಲಿ ಹುಟ್ಟಿದವನು, ಚಿಕ್ಕಂದಿನಿಂದ ಅಕ್ಕ ಅಡೆಲ್ ಜೊತೆ ನಾಟಕಶಾಲೆಗಳ ಮೇಲೆ ಕುಣಿದವನು. ಜನ ನೋಡಲು ಬರುತ್ತಿದ್ದುದು ಮುಖ್ಯವಾಗಿ ಅಕ್ಕನನ್ನು. 1932ರಲ್ಲಿ ಅವಳು ಇಂಗ್ಲೆಂಡಿನ ದೊಡ್ಡ ಮನೆತನವೊಂದಕ್ಕೆ ಮದುವೆಯಾಗಿ ಹೋದಳು. ಮೂವತ್ತು ದಾಟಿದ, ತಲೆಗೂದಲು ಹಿಂದೆ ಸರಿಯುತ್ತಿದ್ದ, ಮುಖದಲ್ಲಿ ನಾಯಕನ ಲಕ್ಷಣ ಒಂದೂ ಇಲ್ಲದ ತಮ್ಮ ಒಬ್ಬನೇ ಹಾಲಿವುಡ್ಡಿಗೆ ಬಂದ. ಬಂದವನು ಸ್ವಲ್ಪ ಕಾಲೂರಿದ ಕೂಡಲೇ ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ನಾನು ಕುಣಿಯುವಾಗ ತಲೆಯಿಂದ ಕಾಲಿನ ತನಕ ಇಡೀ ದೇಹ ತೆರೆಯಲ್ಲಿರಬೇಕು, ನಡುವೆ ಆದಷ್ಟು ಕತ್ತರಿಸಬಾರದು. ಒಂದೋ ಕ್ಯಾಮೆರಾ ಕುಣಿಯಲಿ ಇಲ್ಲವೇ ನಾನು ಕುಣಿಯುತ್ತೇನೆ, ಎಂಬುದು ಅವನ ಧೋರಣೆ. ನೋಡುತ್ತಿರುವವರ ಬೆರಗಿನ ಮುಖವನ್ನು ಮಧ್ಯೆ ತೂರಿಸುವುದು ಅವನಿಗೆ ಸುತರಾಂ ಆಗದು. ಬೆರಗಾಗಬೇಕಾದವರು ಥಿಯೇಟರಿನಲ್ಲಿ ಕೂತಿದ್ದಾರಲ್ಲ! ಕ್ಯಾಮೆರಾವನ್ನು ಗಾಲಿಯ ಮೇಲೆ ತಗ್ಗಿನಲ್ಲಿ ಕೂರಿಸಿ, ಅವನು ಸರಿದತ್ತ ಮೆಲ್ಲಗೆ ಸರಿಸುತ್ತಿದ್ದರು. ಹಾಗಾಗಿ ಚೌಕಟ್ಟು ಅಲುಗಿದ್ದೇ ನಮಗೆ ತಿಳಿಯುವುದಿಲ್ಲ.

ಅವನಿಗಿಂತ ತುಸು ಮುಂಚೆ ಬಸ್ಬಿ ಬರ್ಕ್ಲಿ ಎಂಬಾತ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದಿದ್ದ. ನೃತ್ಯವನ್ನು ಕ್ರಮವಾಗಿ ಕಲಿತವನಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೈನಿಕರಿಗೆ ಕವಾಯತು ಮಾಡಿಸಿದವನು. ಆ ಕವಾಯತನ್ನೇ ತಂದು ನೂರಾರು ಹುಡುಗಿಯರಿಗೆ ಮಾಡಿಸಿದ. ಕ್ಯಾಮೆರಾವನ್ನು ಸ್ಟುಡಿಯೋದ ಸೂರಿಗೇರಿಸಿ ಕೆಳಕ್ಕೆ ಬಗ್ಗಿಸಿದ. ಹುಡುಗಿಯರು ಹೂವಾದರು, ಹೂ ಚಕ್ರವಾಯಿತು, ಚಕ್ರ ಬಿಚ್ಚಿ ಹಾವಾಯಿತು. ದೀಪಾವಳಿಯ ರಂಗೋಲಿಗೆ ಜೀವ ಬಂದ ಹಾಗೆ. ಚೆಂದವೇ. ಆದರೆ ಅಲ್ಲಿ ಯಾರೂ ಕುಣಿಯುವುದಿಲ್ಲ, ಕುಣಿಯುವುದು ಕ್ಯಾಮೆರಾ. ಹತ್ತು ನಿಮಿಷ ನೋಡಿದ ಮೇಲೆ ನನಗೆ ಒಬ್ಬಳ ಮುಖವೂ ನೆನಪುಳಿಯುವುದಿಲ್ಲ.

ಬರ್ಕ್ಲಿಯನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾದೀತು. 1927ರಲ್ಲಿ ಮಾತು ಬಂದ ಮೇಲೆ ಹಾಲಿವುಡ್ ಸಂಗೀತ ಚಿತ್ರಗಳನ್ನು ಎಗ್ಗಿಲ್ಲದೆ ಸುರಿದು, 1930ರ ಹೊತ್ತಿಗೆ ಜನ ಬೇಸತ್ತು ಹೋಗಿದ್ದರು. ಅವುಗಳಿಗೆ ಮತ್ತೆ ಉಸಿರು ಕೊಟ್ಟದ್ದು 1933ರ 'ಫಾರ್ಟಿ ಸೆಕೆಂಡ್ ಸ್ಟ್ರೀಟ್', ಅದರ ಕುಣಿತಗಳು ಬರ್ಕ್ಲಿಯವು. ಆ ಚಿತ್ರ ಬಂದ ಮಾರ್ಚ್ ತಿಂಗಳಲ್ಲೇ ಅಮೆರಿಕದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದವು, ದುಡಿಯುವವರಲ್ಲಿ ನಾಲ್ಕರಲ್ಲೊಬ್ಬನಿಗೆ ಕೆಲಸವಿರಲಿಲ್ಲ. ಅದೇ ವರ್ಷ ಬಂದ 'ಗೋಲ್ಡ್ ಡಿಗ್ಗರ್ಸ್ ಆಫ್ 1933' ಶುರುವಾಗುವುದೇ ನಾಣ್ಯಗಳನ್ನು ಉಡುಪಾಗಿ ತೊಟ್ಟ ಹುಡುಗಿಯರು ನಮಗೆ ಹಣ ಬಂತು ಎಂದು ಹಾಡುವುದರಿಂದ. ಹಾಡು ಮುಗಿಯುವ ಮೊದಲೇ ಸಾಲ ವಸೂಲಿಯವರು ಬಂದು ಮೈಮೇಲಿನ ನಾಣ್ಯವನ್ನೂ ಕಿತ್ತುಕೊಳ್ಳುತ್ತಾರೆ. ಕೊನೆಯ ಹಾಡಂತೂ ಯುದ್ಧದಿಂದ ಮರಳಿ ಗಂಜಿಗೆ ಸಾಲು ನಿಂತ ಸೈನಿಕರದ್ದು. ಅದರ ಹಿಂದಿನ ಬೇಸಿಗೆಯಲ್ಲಷ್ಟೇ ತಮಗೆ ಬರಬೇಕಾದ ಹಣ ಕೇಳಲು ವಾಷಿಂಗ್ಟನ್ನಿಗೆ ಬಂದ ಮಾಜಿ ಸೈನಿಕರನ್ನು ಸೈನ್ಯವೇ ಓಡಿಸಿತ್ತು. ಇವೆಲ್ಲ ಕಷ್ಟ ಮರೆಸುವ ಚಿತ್ರಗಳು ಎಂದು ಪುಸ್ತಕಗಳು ಬರೆಯುತ್ತವೆ. ಮರೆಸಲು ಬಂದವರು ಇಷ್ಟೊಂದು ನೆನಪಿಸುವುದುಂಟೇ?

ಮತ್ತೆ ಅಸ್ಟೇರ್‌ಗೆ ಬರೋಣ. ಕತ್ತರಿ ಹಾಕುವುದಿಲ್ಲ ಎಂದರೆ ಅದರ ಬೆಲೆ ಕೊಡುವವರು ಯಾರು? ಮೂರು ನಿಮಿಷದ ಕುಣಿತ ಒಂದೇ ಓಟದಲ್ಲಿ ಆಗಬೇಕಾದರೆ ಎರಡು ನಿಮಿಷ ಐವತ್ತನೇ ಸೆಕೆಂಡಿನಲ್ಲಿ ಕಾಲು ಜಾರಿದರೂ ಮೊದಲಿಂದ ಶುರು. ಅವನು ಮತ್ತು ಅವನ ಜೊತೆಗಾರ ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್ ಶೂಟಿಂಗಿಗೆ ವಾರಗಟ್ಟಲೆ ಮೊದಲೇ ತಾಲೀಮು ಶುರುಮಾಡುತ್ತಿದ್ದರು. ರೋಜರ್ಸ್ ಆಗ ಬೇರೆ ಚಿತ್ರದ ಕೆಲಸದಲ್ಲಿದ್ದರೆ ಪ್ಯಾನ್‌ನೇ ಅವಳ ಪಾತ್ರ ಕುಣಿದು ಕಟ್ಟಿ, ಆಮೇಲೆ ಅವಳಿಗೆ ಕಲಿಸುತ್ತಿದ್ದ. ಅವಳು ಹೆಸರಾಂತ ನರ್ತಕಿಯಾಗಿ ಬಂದವಳಲ್ಲ, ನಟಿಯಾಗಿ ಬಂದವಳು. ನನ್ನ ಲೆಕ್ಕದಲ್ಲಿ ಅದೇ ಅವಳ ದೊಡ್ಡ ಗುಣ. ಕುಣಿಯುತ್ತಲೇ ಅವಳು ಮನಸ್ಸು ಬದಲಿಸುವುದು ಕಾಣುತ್ತದೆ. ಮಂಟಪದಲ್ಲಿ ನೋಡಿದಿರಲ್ಲ, ಶುರುವಿನಲ್ಲಿದ್ದ ಸಿಟ್ಟು ಯಾವ ಹೆಜ್ಜೆಯಲ್ಲಿ ಕರಗಿತು ಎಂದು ಬೆರಳಿಟ್ಟು ತೋರಿಸಬಹುದು. ಅಸ್ಟೇರ್ ಅವಳಿಗಿಂತ ನುರಿತ ನರ್ತಕಿಯರ ಜೊತೆ ಕುಣಿದಿದ್ದಾನೆ. ಆದರೆ ನಾವು ಅವನನ್ನು ಪ್ರೇಮಿ ಎಂದು ನಂಬುವುದು ಇವಳು ಜೊತೆಗಿದ್ದಾಗ ಮಾತ್ರ. ಇಬ್ಬರೂ ಸೇರಿ ಮಾಡಿದ್ದು ಹತ್ತೇ ಚಿತ್ರ.

ಅವನು ಮಾಡಿದ್ದನ್ನೆಲ್ಲ ಅವಳು ಹಿಂದಕ್ಕೆ ಹೆಜ್ಜೆ ಹಾಕುತ್ತ, ಹೈಹೀಲ್ಡ್ ಮೆಟ್ಟಿಕೊಂಡು ಮಾಡಿದಳು ಎಂಬ ಮಾತು ಕೇಳಿರುತ್ತೀರಿ. ಅದನ್ನು ರೋಜರ್ಸ್ ಹೇಳಿದ್ದೆಂದು ಹಲವರು ನಂಬಿದ್ದಾರೆ. ಅಲ್ಲ, ಅದು 1982ರ ಪತ್ರಿಕೆಯ ವ್ಯಂಗ್ಯಚಿತ್ರವೊಂದರ ಮಾತು. 1936ರ 'ಸ್ವಿಂಗ್ ಟೈಮ್' ಚಿತ್ರದ ಕೊನೆಯ ಕುಣಿತಕ್ಕೆ 40ಕ್ಕೂ ಹೆಚ್ಚು ಟೇಕ್ ಆಗಿ, ಅವಳ ಬೂಟಿನೊಳಗೆ ರಕ್ತ ಬಂದಿತ್ತು ಎಂಬುದು ಮಾತ್ರ ಸೆಟ್ಟಿನಲ್ಲಿದ್ದವರೇ ಹೇಳಿಕೊಂಡು ಬಂದ ಕತೆ. ಕುಣಿತದಲ್ಲಿ ಅದರ ಸುಳಿವೇ ಇಲ್ಲ. 'ಟಾಪ್ ಹ್ಯಾಟ್'ನ ಇನ್ನೊಂದು ಹಾಡಿಗೆ ಅವಳು ಉಷ್ಟ್ರಪಕ್ಷಿಯ ಗರಿಗಳ ನೀಲಿ ಗೌನು ಬೇಕೆಂದು ಹಟ ಹಿಡಿದಳು. ತಿರುಗಿದ ಕೂಡಲೇ ಗರಿಗಳು ಉದುರಿ ಅಸ್ಟೇರನ ಕಣ್ಣು ಮೂಗಿಗೆಲ್ಲ ಹಾರಿದವು. ನರಿಯ ಬಾಯಿಗೆ ಬಿದ್ದ ಕೋಳಿಯ ಹಾಗಿತ್ತು ಎಂದು ಅವನೇ ಮುಂದೆ ಬರೆದುಕೊಂಡ. ಜಗಳವಾಯಿತು, ಗೌನು ಉಳಿಯಿತು. ಆ ಹಾಡನ್ನು ಮತ್ತೆ ನೋಡಿದರೆ ನುಣುಪಾದ ನೆಲದ ಮೇಲೆ ಒಂದೆರಡು ಗರಿ ಬಿದ್ದಿರುವುದು ಈಗಲೂ ಕಾಣುತ್ತದೆ. ಕತ್ತರಿ ಹಾಕದಿದ್ದರೆ ಹೀಗೆ: ಗರಿಯೂ ಉಳಿಯುತ್ತದೆ.

ಇದೇ ಮಾತಿಗೆ ಸೇರುವ ಇನ್ನೊಂದು ಪ್ರಸಂಗ ಉಂಟು. ಡೆಬಿ ರೆನಾಲ್ಡ್ಸ್ 'ಸಿಂಗಿಂಗ್ ಇನ್ ದ ರೇನ್' ಮಾಡುವಾಗ ಅವಳಿಗೆ 19 ವರ್ಷ. ನೃತ್ಯ ಬರದು. ಎದುರಿಗೆ ಜೀನ್ ಕೆಲ್ಲಿ, ಒಂದು ಬೆರಳು ಸರಿಯಿರದಿದ್ದರೂ ಬಿಡದ ಮೇಷ್ಟ್ರು. ಒಂದು ದಿನ ಅವಳು ತಾಲೀಮಿನ ಕೋಣೆಯಲ್ಲಿ ಪಿಯಾನೋದ ಅಡಿ ಕೂತು ಅಳುತ್ತಿದ್ದಾಗ ಎರಡು ಕಾಲು ಬಂದು ನಿಂತವು. ಬಗ್ಗಿ ನೋಡಿದವನು ಅಸ್ಟೇರ್. ತನ್ನ ತಾಲೀಮನ್ನು ಯಾರಿಗೂ ತೋರಿಸದ ಅವನು ಅವಳನ್ನು ಕರೆದುಕೊಂಡು ಹೋಗಿ ಕೂರಿಸಿ, ನೋಡು ಎಂದ. ಅವನು ಬೆವತು, ಮುಖ ಕೆಂಪೇರಿ, ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುವುದನ್ನು ಅವಳು ನೋಡಿದಳು. ಕಲಿಸಿದ್ದು ಅಷ್ಟೇ. ಆಮೇಲೆ ಮೂವರು ಸೇರಿ ಕುಣಿದು ಸೋಫಾ ಉರುಳಿಸುವ ಆ ಬೆಳಗಿನ ಹಾಡಿಗೆ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಕುಣಿದು, ಪಾದ ಒಡೆದು, ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು. ನೀವು ಚಿತ್ರದಲ್ಲಿ ನೋಡುವುದು ಈಗಷ್ಟೇ ಹಾಲು ಕುಡಿದು ಎದ್ದ ಹುಡುಗಿಯ ಮುಖ.

ಇಷ್ಟೆಲ್ಲ ಹೇಳಿ ನಾನು ಅಸ್ಟೇರನನ್ನು ಸತ್ಯಹರಿಶ್ಚಂದ್ರ ಮಾಡಿಬಿಟ್ಟೆ ಎಂದು ನಿಮಗನಿಸಬಹುದು. ಅಲ್ಲ. ಕಣ್ಣಿಗೆ ಸತ್ಯ ಹೇಳಿದವರು ಕಿವಿಗೆ ಸುಳ್ಳು ಹೇಳಿದರು. ಟ್ಯಾಪ್ ಎಂದರೆ ಬೂಟಿನ ತುದಿಗೂ ಹಿಮ್ಮಡಿಗೂ ಲೋಹದ ತಗಡು ಬಡಿದು, ನೆಲವನ್ನೇ ಮದ್ದಳೆ ಮಾಡಿಕೊಳ್ಳುವುದು. ನಮ್ಮ ಗೆಜ್ಜೆ ಕಾಲು ಅಲುಗಿದರೂ ಸದ್ದು ಮಾಡುತ್ತದೆ. ಟ್ಯಾಪ್ ಹಾಗಲ್ಲ, ನೆಲಕ್ಕೆ ತಾಗಿದರೆ ಮಾತ್ರ, ತಾಗಿದ ಬಲದಷ್ಟೇ. ಅಂಥ ಸೂಕ್ಷ್ಮ ಸದ್ದನ್ನು ಆರ್ಕೆಸ್ಟ್ರಾದ ಹಾಡು ಮೊಳಗುವ ಸೆಟ್ಟಿನಲ್ಲಿ ಹಿಡಿಯಲಾಗದು. ಆದ್ದರಿಂದ ಬಹುಪಾಲು ಕುಣಿತಗಳಲ್ಲಿ ಚಿತ್ರೀಕರಣವೆಲ್ಲ ಮುಗಿದ ಮೇಲೆ ಕುಣಿದವರು ತೆರೆಯ ಮೇಲೆ ತಮ್ಮನ್ನೇ ನೋಡಿಕೊಳ್ಳುತ್ತ ಇನ್ನೊಮ್ಮೆ ಕುಣಿದು ಬರೀ ಸದ್ದನ್ನು ತುಂಬಿಸಬೇಕಿತ್ತು. ಎಷ್ಟೋ ಚಿತ್ರಗಳಲ್ಲಿ ಜಿಂಜರ್ ರೋಜರ್ಸಳ ಹೆಜ್ಜೆಯ ಸದ್ದು ಹರ್ಮಿಸ್ ಪ್ಯಾನ್‌ನ ಕಾಲಿನದು! ನಾಯಕಿಯ ಕಾಲಿಗೆ ಗಂಡಸಿನ ಹಿನ್ನೆಲೆ ಗಾಯನ ಎನ್ನಿ.

ಈ ಹಿನ್ನೆಲೆಯ ವ್ಯವಹಾರವನ್ನೇ ಕತೆ ಮಾಡಿಕೊಂಡದ್ದು 1952ರ 'ಸಿಂಗಿಂಗ್ ಇನ್ ದ ರೇನ್'. ಮೂಕಿ ಕಾಲದ ತಾರೆಯೊಬ್ಬಳಿಗೆ ಕಂಠ ಕಾಗೆಯದು, ಹಾಗಾಗಿ ಇನ್ನೊಬ್ಬ ಹುಡುಗಿ ತೆರೆಮರೆಯಲ್ಲಿ ಅವಳಿಗೆ ದನಿ ಕೊಡುತ್ತಾಳೆ. ಕೊನೆಗೆ ಪರದೆ ಎಳೆದು ಸತ್ಯ ಬಯಲು ಮಾಡುತ್ತಾರೆ, ನ್ಯಾಯ ಸಿಗುತ್ತದೆ. ಆದರೆ ಈ ನ್ಯಾಯದ ಚಿತ್ರದೊಳಗೆ ನಡೆದದ್ದು ಕೇಳಿ. ರೆನಾಲ್ಡ್ಸ್ ಆ ಕಾಗೆಕಂಠದವಳಿಗೆ ಮಾತು ಜೋಡಿಸುವ ದೃಶ್ಯದಲ್ಲಿ ನಮಗೆ ಕೇಳಿಸುವುದು ರೆನಾಲ್ಡ್ಸ್ ದನಿಯಲ್ಲ, ಕಾಗೆಕಂಠದ ಪಾತ್ರ ಮಾಡಿದ ಜೀನ್ ಹೇಗನ್ ಎಂಬ ನಟಿಯ ನಿಜವಾದ ದನಿ. ಅದು ಅಷ್ಟು ಚೆನ್ನಾಗಿತ್ತು. ಹಾಡಿಗೆ ಬಂದರೆ ಅಲ್ಲಿ ಹಾಡಿದ್ದು ಬೆಟ್ಟಿ ನೋಯ್ಸ್ ಎಂಬ ಮೂರನೆಯವಳು. ಕನ್ನಡಿಗರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ. ರಾಜ್‌ಕುಮಾರ್ ತುಟಿ ಆಡಿಸಿದರೆ ದನಿ ಪಿ.ಬಿ. ಶ್ರೀನಿವಾಸರದು ಎಂದು ರೇಡಿಯೋ ಕೇಳುವ ಮಕ್ಕಳಿಗೂ ಗೊತ್ತಿತ್ತು, ಇಬ್ಬರಿಗೂ ಅಭಿಮಾನಿಗಳಿದ್ದರು. ಹಾಲಿವುಡ್ಡಿನಲ್ಲಿ ಅದು ಮುಚ್ಚಿಡಬೇಕಾದ ಸಂಗತಿ. ಮಾರ್ನಿ ನಿಕ್ಸನ್ ಎಂಬಾಕೆ 1956ರಿಂದ 1964ರ ನಡುವೆ ಡೆಬೊರಾ ಕೆರ್, ನಟಾಲಿ ವುಡ್, ಆಡ್ರಿ ಹೆಪ್‌ಬರ್ನ್ ಮೂವರಿಗೂ ಹಾಡಿದಳು. ತೆರೆಯ ಮೇಲೆ ಅವಳ ಹೆಸರು ಬರಲಿಲ್ಲ.

ಎರಡನೇ ತುಣುಕು ನೀವೆಲ್ಲ ಎಲ್ಲೋ ನೋಡಿಯೇ ಇರುತ್ತೀರಿ. ಮಳೆಯ ಬೀದಿ, ಕೆಲ್ಲಿ, ಕೊಡೆ. ಸಾವಿರ ಸಲ ಅಣಕಿಸಿದ್ದಾರೆ, ಜಾಹೀರಾತು ಮಾಡಿದ್ದಾರೆ, ಆದರೂ ಮೂಲ ಸವೆದಿಲ್ಲ. ಯಾಕೆಂದು ನೋಡಲು ಕುಣಿತವನ್ನು ಬಿಟ್ಟು ಅದರ ಮೊದಲ ಅರ್ಧ ನಿಮಿಷ ನೋಡಿ. ಪ್ರೇಯಸಿಯ ಮನೆ ಬಾಗಿಲು ಮುಚ್ಚುತ್ತದೆ. ಕಾದಿದ್ದ ಕಾರನ್ನು ಕೈಬೀಸಿ ಕಳುಹಿಸುತ್ತಾನೆ. ನಡೆಯುತ್ತಾನೆ. ಕೊಡೆಯನ್ನು ಮಡಿಸುತ್ತಾನೆ. ಗುನುಗುತ್ತಾನೆ. ದೀಪದ ಕಂಬಕ್ಕೆ ಹಾರಿ ಜೋತುಬೀಳುತ್ತಾನೆ. ಇನ್ನೂ ಕುಣಿತವೆನ್ನುವುದು ಶುರುವಾಗಿಲ್ಲ. ಆದರೆ ನಾವು ಆಗಲೇ ಒಳಗಿದ್ದೇವೆ. ನಡಿಗೆ ಎಲ್ಲಿ ಮುಗಿದು ಕುಣಿತ ಎಲ್ಲಿ ಶುರುವಾಯಿತು ಎಂಬ ಹೊಲಿಗೆ ಕಾಣದ ಹಾಗೆ ಹೊಲಿಯುವುದೇ ಈ ಕಲೆಯ ಗುಟ್ಟು ಎಂದು ನನ್ನ ಅನಿಸಿಕೆ. ಆ ಮಂಟಪದಲ್ಲಿಯೂ ಅದೇ ಇತ್ತು, ಸಿಳ್ಳೆ ಹಾಕಿ ಅಡ್ಡಾಡುವುದರಲ್ಲಿ. ಹೊಲಿಗೆ ಕಂಡರೆ ಸಭಿಕರು ನಗುತ್ತಾರೆ: ಈಗಷ್ಟೇ ಮಾತಾಡುತ್ತಿದ್ದವನಿಗೆ ಏನಾಯಿತು? ಕಾಣದಿದ್ದರೆ ನಮಗೂ ಎದ್ದು ಹೀಗೇ ನಡೆದರೆ ಸಾಕು, ಮುಂದಿನದು ತಾನಾಗಿ ಆಗುತ್ತದೆ ಎನಿಸುತ್ತದೆ. ಕುರ್ಚಿಯ ಕೆಳಗೆ ಪಾದ ಅಲುಗುವುದು ಆಗಲೇ.

ಕೆಲ್ಲಿಗೆ ಆ ದಿನ ಮೈಮೇಲೆ 103 ಡಿಗ್ರಿ ಜ್ವರ. ಮಳೆ ಕೊಳವೆಯದು, ಹೆಜ್ಜೆ ಚಿಮ್ಮಿಸುವ ಗುಂಡಿಗಳೂ ಅಳತೆ ಮಾಡಿ ತೋಡಿದವು, ಉಣ್ಣೆಯ ಸೂಟು ನೆನೆದು ಕುಗ್ಗುತ್ತಿತ್ತು. ಮಳೆ ಕಾಣಲೆಂದು ನೀರಿಗೆ ಹಾಲು ಬೆರೆಸಿದ್ದರು ಎಂದು ಹೇಳುವವರಿದ್ದಾರೆ. ಅದು ಕಟ್ಟುಕತೆ, ಹಿಂದಿನಿಂದ ಬೆಳಕು ಕೊಟ್ಟರೆ ಮಳೆ ಕಾಣುತ್ತದೆ. ಕೊನೆಗೆ ಪೊಲೀಸಿನವನೊಬ್ಬ ಬಂದು ದುರುಗುಟ್ಟಿ ನೋಡುತ್ತಾನೆ. ಕೆಲ್ಲಿ ಸಣ್ಣ ಹುಡುಗನ ಹಾಗೆ ಮೆಲ್ಲಗೆ ಜಾರಿಕೊಂಡು, ದಾರಿಹೋಕನ ಕೈಗೆ ಕೊಡೆ ಕೊಟ್ಟು ಹೋಗುತ್ತಾನೆ. ಅಸ್ಟೇರ್ ಉದ್ದ ಕೋಟಿನ ಶ್ರೀಮಂತ, ನೆಲ ಮುಟ್ಟಿದರೂ ಮುಟ್ಟದ ಹಾಗೆ. ಕೆಲ್ಲಿ ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಊರಿನವನು. ಅವನ ಕುಣಿತಕ್ಕೆ ನೆಲದ ತೂಕ ಉಂಟು, ತೋಳು ತೊಡೆಯ ಬಲ ಉಂಟು. ಯಾರು ಮೇಲು ಎಂಬ ವಾದ ಹಳೆಯದು. ನನ್ನ ಮತ ಅಜ್ಜಿಯದ್ದೇ, ನೆಲ ಹಿಡಿದುಕೊಳ್ಳದವನಿಗೆ. ಮಳೆ ಬಂದ ದಿನ ಮಾತ್ರ ಬದಲಾಗುತ್ತದೆ.

ಈಗ ಇನ್ನೊಂದು ಕತ್ತರಿಯ ಮಾತು. ಇಷ್ಟು ಹೊತ್ತು ಬಾರದ ಹೆಸರುಗಳನ್ನು ಹೇಳಬೇಕು.

ಟ್ಯಾಪ್ ಹುಟ್ಟಿದ್ದು ಈ ಕೋಟು ಹ್ಯಾಟಿನವರ ಮನೆಯಲ್ಲಲ್ಲ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರ ದಂಗೆಯಾಯಿತು, ಹೋದವರು ತಮಟೆ ಬಾರಿಸುತ್ತ ಹೋಗಿದ್ದರು. ಮರುವರ್ಷದ ಕಾಯಿದೆ ಗುಲಾಮರಿಗೆ ತಮಟೆಯನ್ನೇ ನಿಷೇಧಿಸಿತು. ಕೈಯಿಂದ ಕಿತ್ತುಕೊಂಡ ತಾಳ ಅಂಗೈ ಚಪ್ಪಾಳೆಗೆ, ತೊಡೆಗೆ, ಕಾಲಿಗೆ ಇಳಿಯಿತು. ಐರಿಷ್ ವಲಸಿಗರ ಜಿಗ್ ಕುಣಿತ, ಇಂಗ್ಲಿಷ್ ಕೂಲಿಗಳ ಮರದ ಮೆಟ್ಟಿನ ಕುಣಿತದ ಜೊತೆ ಅದು ಬೆರೆತು, 1840ರ ದಶಕಕ್ಕೆ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಹೊಸದೊಂದು ರೂಪ ಪಡೆಯಿತು. ಅಲ್ಲಿ ವಿಲಿಯಂ ಹೆನ್ರಿ ಲೇನ್ ಎಂಬ ಕರಿಯ ಹುಡುಗ 'ಮಾಸ್ಟರ್ ಜೂಬಾ' ಎಂಬ ಹೆಸರಲ್ಲಿ ಊರೆಲ್ಲ ಮಾತಾಗಿದ್ದ.

ಅಲ್ಲಿಂದ ಸುಮಾರು ತೊಂಬತ್ತು ವರ್ಷ ದಾಟಿ ಬಿಲ್ ರಾಬಿನ್ಸನ್‌ಗೆ ಬನ್ನಿ. ಬೋಜ್ಯಾಂಗಲ್ಸ್ ಎಂದೇ ಹೆಸರು. ಮೆಟ್ಟಿಲುಗಳ ಮೇಲೆ ಕುಣಿಯುವುದು ಅವನ ವಿಶೇಷ, ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ. 1935ರ 'ದ ಲಿಟಲ್ ಕರ್ನಲ್' ಚಿತ್ರದಲ್ಲಿ ಪುಟ್ಟ ಶರ್ಲಿ ಟೆಂಪಲ್ ಕೈ ಹಿಡಿದು ಅವನು ಮೆಟ್ಟಿಲೇರುತ್ತಾನೆ. ಹಾಲಿವುಡ್ ತೆರೆಯ ಮೇಲೆ ಕರಿಯ ಬಿಳಿಯ ಜೋಡಿ ಕುಣಿದದ್ದು ಅದೇ ಮೊದಲು. ಅವನಿಗೆ ಐವತ್ತು ದಾಟಿದೆ, ಅವಳಿನ್ನೂ ಆರೇಳರ ಮಗು. ಅವರ ಕೈಗಳು ತಾಗಿದ ಆ ದೃಶ್ಯವನ್ನೂ ವರ್ಣಭೇದ ಕಟ್ಟುನಿಟ್ಟಾಗಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕತ್ತರಿಸಿ ತೋರಿಸಿದರು. ಮರುವರ್ಷ 'ಸ್ವಿಂಗ್ ಟೈಮ್'ನಲ್ಲಿ ನಮ್ಮ ಅಸ್ಟೇರ್ ಮುಖಕ್ಕೆ ಮಸಿ ಬಳಿದುಕೊಂಡು ಬೋಜ್ಯಾಂಗಲ್ಸ್‌ಗೆ ಗೌರವ ಎಂದು ಒಂದು ಕುಣಿತ ಮಾಡಿದ. ಹಿಂದೆ ಅವನದೇ ಮೂರು ದೈತ್ಯ ನೆರಳುಗಳು ಕುಣಿಯುತ್ತವೆ, ಅಮೋಘ. ಆ ಮಸಿ ಮಾತ್ರ ನೋಡಲಾಗದು. ಅಸ್ಟೇರನಿಗೆ ಅವನ ಮೇಲಿದ್ದ ಗೌರವ ಸುಳ್ಳಲ್ಲ ಎಂದು ನಾನು ನಂಬುತ್ತೇನೆ. ಆದರೆ ಅಂಥ ಗೌರವಕ್ಕೆ ಹಾಲಿವುಡ್ ಕಂಡುಕೊಂಡ ದಾರಿ ಆ ಮನುಷ್ಯನನ್ನೇ ಕರೆಯುವುದಲ್ಲ, ಅವನ ಬಣ್ಣವನ್ನು ಬಳಿದುಕೊಳ್ಳುವುದು. ಈ ತುಣುಕನ್ನು ಇವತ್ತು ತೋರಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಬಿಟ್ಟೆ.

ಇನ್ನು ನಿಕೊಲಸ್ ಸಹೋದರರು. ಅಣ್ಣ ಫೇಯಾರ್ಡ್, ತಮ್ಮ ಹೆರಾಲ್ಡ್. ಅಪ್ಪ ಅಮ್ಮ ಫಿಲಡೆಲ್ಫಿಯಾದ ರಂಗಮಂದಿರದಲ್ಲಿ ವಾದ್ಯ ನುಡಿಸುವವರು. ಫೇಯಾರ್ಡ್ ಮುಂದಿನ ಸಾಲಿನಲ್ಲಿ ಕೂತು, ಬಂದು ಹೋಗುವ ನರ್ತಕರನ್ನು ನೋಡಿ ನೋಡಿಯೇ ಕಲಿತ, ತಮ್ಮನಿಗೆ ಕಲಿಸಿದ. ಗುರುವಿಲ್ಲದ ವಿದ್ಯೆ. 1932ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಕಾಟನ್ ಕ್ಲಬ್ಬಿನಲ್ಲಿ ಕುಣಿಯತೊಡಗಿದಾಗ ತಮ್ಮನಿಗೆ 11 ವರ್ಷ. ಆ ಕ್ಲಬ್ಬಿನಲ್ಲಿ ಕುಣಿಯುವವರೆಲ್ಲ ಕರಿಯರು, ಕೂತು ನೋಡುವವರೆಲ್ಲ ಬಿಳಿಯರು.

ಹಾಲಿವುಡ್ ಇವರನ್ನು ಕರೆಯಿತು, ಆದರೆ ಒಂದು ಉಪಾಯದೊಡನೆ. ಕತೆಯಲ್ಲಿ ಪಾತ್ರವಿಲ್ಲ. ಬಂದು ಕುಣಿದು ಹೋಗಬೇಕು. ಹಾಗಿದ್ದರೆ ದಕ್ಷಿಣದ ಥಿಯೇಟರಿನವರು ಆ ನಾಲ್ಕು ನಿಮಿಷ ಕತ್ತರಿಸಿದರೂ ಕತೆಗೆ ಧಕ್ಕೆಯಿಲ್ಲ. ಗಾಯಕಿ ಲೀನಾ ಹಾರ್ನ್‌ಗೂ ಎಂಜಿಎಂ ಹೀಗೇ ಮಾಡಿತು: ಕಂಬಕ್ಕೊರಗಿ ಒಂದು ಹಾಡು, ಅಷ್ಟೇ. ಯೋಚಿಸಿ, ಒಬ್ಬನ ಕುಣಿತಕ್ಕೆ ಕತ್ತರಿ ತಾಕಬಾರದೆಂದು ಕರಾರು. ಇನ್ನೊಬ್ಬರ ಕುಣಿತವನ್ನು ಕತ್ತರಿಗೆ ಸುಲಭವಾಗಲೆಂದೇ ಹೊಲಿಗೆ ಹಾಕದೆ ಬಿಟ್ಟದ್ದು. 1948ರಲ್ಲಿ 'ದ ಪೈರೇಟ್' ಚಿತ್ರಕ್ಕೆ ಕೆಲ್ಲಿ ಹಟ ಹಿಡಿದು ಈ ಅಣ್ಣತಮ್ಮಂದಿರ ಜೊತೆ ಹೆಗಲಿಗೆ ಹೆಗಲು ಕೊಟ್ಟು ಕುಣಿದ. ದಕ್ಷಿಣದ ಕೆಲವು ಊರುಗಳಲ್ಲಿ ಅದೂ ಕತ್ತರಿಗೆ ಹೋಯಿತು. ಕಾಲ ಬದಲಾಗಿ ಇವರಿಗೆ ಕಲಾವಿದರಿಗೆ ಅಮೆರಿಕ ಕೊಡುವ ಕೆನಡಿ ಸೆಂಟರ್ ಗೌರವ ಬಂದದ್ದು 1991ರಲ್ಲಿ.

ಆ ಯುಗ ಹೇಗೆ ಮುಗಿಯಿತು ಎನ್ನುವುದರಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ, ಎಲ್ಲ ಯುಗಗಳ ಹಾಗೆಯೇ ಲೆಕ್ಕಪತ್ರದಿಂದ ಮುಗಿಯಿತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಟುಡಿಯೋಗಳು ಥಿಯೇಟರುಗಳನ್ನೂ ಇಟ್ಟುಕೊಳ್ಳುವುದು ಸರಿಯಲ್ಲ ಎಂದಿತು, ಟೀವಿ ಬಂತು, ಸಂಬಳದ ಮೇಲೆ ವರ್ಷವಿಡೀ ವಾದ್ಯದವರು, ದರ್ಜಿಗಳು, ನರ್ತಕರನ್ನು ಸಾಕುವುದು ಯಾರಿಗೂ ಆಗದಾಯಿತು. ಕೆಲಸ ಗೊತ್ತಿದ್ದ ಕೈಗಳು ಚದುರಿದವು. 2016ರ 'ಲಾ ಲಾ ಲ್ಯಾಂಡ್'ನಲ್ಲಿ ಸಂಜೆಗತ್ತಲೆಯ ಬೆಟ್ಟದ ಮೇಲಿನ ಕುಣಿತವನ್ನು ಒಂದೇ ಟೇಕಿನಲ್ಲಿ ತೆಗೆದರು, ಇಡೀ ದೇಹ ಕಾಣುವ ಹಾಗೆ. ಕುಣಿದವರು ಅಷ್ಟೇನೂ ನುರಿತವರಲ್ಲ. ಆದರೂ ಥಿಯೇಟರಿನಲ್ಲಿ ನನ್ನ ಪಕ್ಕದ ಹುಡುಗ ಫೋನು ಕೆಳಗಿಟ್ಟ.

ಅಸ್ಟೇರ್ 1987ರಲ್ಲಿ ತೀರಿಕೊಂಡ. ಅವನ 1951ರ 'ರಾಯಲ್ ವೆಡ್ಡಿಂಗ್'ನಲ್ಲಿ ಗೋಡೆಯ ಮೇಲೆ, ಮಾಡಿನ ಮೇಲೆ ಕುಣಿಯುವ ಹಾಡೊಂದಿದೆ. ಇಡೀ ಕೋಣೆಯನ್ನು ಪೀಪಾಯಿಯ ಹಾಗೆ ತಿರುಗುವ ಚೌಕಟ್ಟಿನಲ್ಲಿ ಕಟ್ಟಿ, ಕ್ಯಾಮೆರಾವನ್ನೂ ಕ್ಯಾಮೆರಾದವನನ್ನೂ ಅದಕ್ಕೇ ಬಿಗಿದು ತಿರುಗಿಸಿದ್ದರು. ಕೋಣೆ ತಿರುಗಿದಂತೆ ಅವನು ಕೆಳಗಿರುವ ಗೋಡೆಯ ಮೇಲೆ ಹೆಜ್ಜೆ ಇಡುತ್ತ ಹೋಗಬೇಕು. ಯಂತ್ರದ ಮೋಸವೇ ಸರಿ, ಆದರೆ ಕಾಲು ಅವನದ್ದೇ, ತಾಳ ತಪ್ಪಿದರೆ ಬೀಳುವವನೂ ಅವನೇ. ಅವನು ಸತ್ತ ಹತ್ತು ವರ್ಷಕ್ಕೆ, 1997ರಲ್ಲಿ, ವ್ಯಾಕ್ಯೂಮ್ ಕ್ಲೀನರ್ ಕಂಪನಿಯೊಂದು ಅದೇ ಚಿತ್ರದ ಅವನ ಕುಣಿತವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಕಸ ಹೀರುವ ಯಂತ್ರವನ್ನು ಅವನ ಕೈಗೆ ಅಂಟಿಸಿ ಟೀವಿ ಜಾಹೀರಾತು ಮಾಡಿತು. ಅವನ ಹೆಂಡತಿಯ ಒಪ್ಪಿಗೆಯೂ ಇತ್ತು. ಬದುಕಿದ್ದಾಗ ಕತ್ತರಿಯನ್ನು ಹತ್ತಿರ ಸೇರಿಸದವನ ಗತಿ ಇದು.

ಕೊನೆಯ ತುಣುಕು. 1943ರ 'ಸ್ಟಾರ್ಮಿ ವೆದರ್'. ಇದರಲ್ಲಿ ಎಲ್ಲ ಮುಖ್ಯ ಪಾತ್ರಗಳೂ ಕರಿಯರವೇ, ಹಾಗಾಗಿ ಕುಣಿತವನ್ನು ಮಾತ್ರ ಕಿತ್ತು ಎಸೆಯುವ ಪ್ರಶ್ನೆ ಬರಲಿಲ್ಲ. ಕ್ಯಾಬ್ ಕ್ಯಾಲೊವೇಯ ಆರ್ಕೆಸ್ಟ್ರಾ ನುಡಿಸುತ್ತಿದೆ. ನಿಕೊಲಸ್ ಅಣ್ಣತಮ್ಮಂದಿರು ಮೇಜಿನಿಂದ ಹಾರಿ ಬರುತ್ತಾರೆ, ವಾದ್ಯದವರ ನಡುವೆ ಎತ್ತರದ ದಿಮ್ಮಿಗಳ ಮೇಲೆ ದಾಟುತ್ತಾರೆ. ಆಮೇಲೆ ದೊಡ್ಡ ದೊಡ್ಡ ಮೆಟ್ಟಿಲುಗಳು. ಒಬ್ಬ ಇನ್ನೊಬ್ಬನ ತಲೆಯ ಮೇಲಿಂದ ಹಾರಿ, ಕೆಳಗಿನ ಮೆಟ್ಟಿಲಿಗೆ ಎರಡೂ ಕಾಲು ಚಾಚಿ ಸೀಳಿ ಬೀಳುತ್ತಾನೆ. ಅವನ ಮೇಲಿಂದ ಇವನು. ಹೀಗೇ ಕೆಳತನಕ. ನೃತ್ಯ ನಿರ್ದೇಶಕ ನಿಕ್ ಕ್ಯಾಸಲ್ ತಾಲೀಮು ಬೇಡ, ನೇರ ಮಾಡಿಬಿಡಿ ಎಂದನಂತೆ. ಒಂದೇ ಟೇಕಿಗೆ ಮುಗಿಯಿತು. ತಾನು ತೆರೆಯ ಮೇಲೆ ನೋಡಿದ ಕುಣಿತಗಳಲ್ಲಿ ಇದೇ ಶ್ರೇಷ್ಠ ಎಂದವನು ಬೇರೆ ಯಾರೂ ಅಲ್ಲ, ಅಸ್ಟೇರ್. ಬೀಳುವುದನ್ನು ನೋಡಬೇಡಿ, ಏಳುವುದನ್ನು ನೋಡಿ. ಕೈ ಊರುವುದಿಲ್ಲ.

ದೀಪ ಆರಿಸಿದೆವು. ತುಣುಕು ಮುಗಿದಾಗ ಸಭೆಯಲ್ಲಿ ಚಪ್ಪಾಳೆ ಬರಲಿಲ್ಲ, ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ಹುಡುಗಿ, "ಸಾರ್, ಮೆಟ್ಟಿಲಿಂದ ಇನ್ನೊಂದ್ಸಲ ಹಾಕ್ತೀರಾ?" ಅಂದಳು. ಮೆಟ್ಟಿಲಿಂದ ಹಾಕಿದೆವು. ಕೈ ಊರಿದರೋ ಇಲ್ಲವೋ ಎಂದು ಇಡೀ ಸಭೆ ಮುಂದಕ್ಕೆ ಬಗ್ಗಿ ನೋಡುತ್ತಿತ್ತು.